ಲಾಕಪ್ಪೂ ಲಾಕೌಟೂ



ಪೊಲೀಸು ಠಾಣೆಯಲ್ಲಿ ಲಾಕಪ್ಪು ಎಂಬುದೊಂದುಂಟು. ಗಿರಣಿಗಳಲ್ಲಿ ಆಗಾಗ ಲಾಕೌಟು ಎಂಬುದೊಂದು ಘೋಷಿತವಾಗುವುದುಂಟು. ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ನಮ್ಮ ಜನರಿಗೂ ಈ ಎರಡು ಮಾತುಗಳ ಭೇದ ಚೆನ್ನಾಗಿ ಗೊತ್ತು: ಮೊದಲನೆಯದಕ್ಕೆ ಸಿಕ್ಕಿದವನು ಹೊರಗೆ ಬರಲಾರ, ಎರಡನೆಯದಕ್ಕೆ ಸಿಕ್ಕಿದವನು ಒಳಗೆ ಹೋಗಲಾರ. ಬೀಗವೂ ಅದೇ, ಬೀಗ ಹಾಕುವ ಕ್ರಿಯೆಯೂ ಅದೇ. ಆ ಕ್ರಿಯೆಯ ಬೆನ್ನಿಗೆ ಹತ್ತಿದ ‘ಅಪ್’, ‘ಔಟ್’ ಎಂಬ ಎರಡು ಕಿರುನುಡಿಗಳ ದೆಸೆಯಿಂದ ಒಬ್ಬನು ಗೋಡೆಯ ಒಳಗುಳಿದನು, ಇನ್ನೊಬ್ಬನು ಗೋಡೆಯ ಹೊರಗುಳಿದನು. ಇಂಗ್ಲಿಷರ ನಿತ್ಯವ್ಯವಹಾರದ ಬಹುಭಾಗವು ಇಂಥ ಜೋಡಿಗಳಿಂದಲೇ ಸಾಗುತ್ತಿರುವುದನ್ನೂ, ಆ ಭಾಷೆಯನ್ನು ಶಾಲೆ ಕಾಲೇಜುಗಳಲ್ಲಿ ವರ್ಷಗಟ್ಟಲೆ ವ್ಯಾಸಂಗ ಮಾಡಿದ ನಮ್ಮವರು ಎಡವುವುದು ದೊಡ್ಡ ದೊಡ್ಡ ಶಬ್ದಗಳಲ್ಲಲ್ಲ, ಎರಡು ಮೂರು ಅಕ್ಷರಗಳ ಈ ಕಿರುನುಡಿಗಳಲ್ಲಿಯೇ ಎಂಬುದನ್ನೂ ಈ ಹೊತ್ತು ತಮ್ಮ ಮುಂದೆ ವಿವರಿಸಬೇಕೆಂದಿದ್ದೇನೆ.

ಈ ತೊಡಕು ಇಂಗ್ಲಿಷರಿಗೆ ತಿಳಿಯದುದೇನೂ ಅಲ್ಲ. 1755ರಲ್ಲಿ ತನ್ನ ಪ್ರಖ್ಯಾತವಾದ ನಿಘಂಟನ್ನು ಪ್ರಕಟಿಸಿದ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ನನು, ಕ್ರಿಯಾಪದದ ಹಿಂದೆ ಒಂದು ಅವ್ಯಯವನ್ನು ಸೇರಿಸಿ ಅದರ ಅರ್ಥವನ್ನೇ ಮಾರ್ಪಡಿಸುವ ಈ ಪದ್ಧತಿ ಪರದೇಶೀಯರಿಗೆ ಎಲ್ಲಕ್ಕಿಂತ ಹೆಚ್ಚಿನ ಕ್ಲೇಶವನ್ನುಂಟುಮಾಡುತ್ತದೆಂದು ಗ್ರಂಥದ ಪೀಠಿಕೆಯಲ್ಲಿಯೇ ಒಪ್ಪಿಕೊಂಡು, ‘ಸೆಟ್ ಇನ್’, ‘ಸೆಟ್ ಔಟ್’, ‘ಸೆಟ್ ಆಫ್’ ಮೊದಲಾದ ಹಲವು ಉದಾಹರಣೆಗಳನ್ನು ಕೊಟ್ಟು, ತನ್ನ ಸಂಗ್ರಹ ಪೂರ್ಣವಾಗಿಲ್ಲವಾದರೂ ಇನ್ನು ಮುಂದೆ ಇದು ವಿದ್ಯಾರ್ಥಿಗಳಿಗೆ ದುಸ್ತರವಾಗದೆಂಬ ಭರವಸೆಯನ್ನು ಪ್ರಕಟಿಸಿದನು. ಲ್ಯಾಟಿನ್ ಮೂಲದ ಗುರುಗಂಭೀರ ಶಬ್ದಗಳಲ್ಲಿ ಅಷ್ಟೊಂದು ಪ್ರೀತಿಯಿದ್ದ ಲೇಖಕನು ಈ ಪುಟ್ಟ ಮಾತುಗಳಿಗಾಗಿ ಇಷ್ಟು ಶ್ರಮಪಟ್ಟನೆಂಬುದು ಅವನ ದೊಡ್ಡತನ. ಆದರೆ ಆ ಭರವಸೆ ಇಂದಿಗೂ ಕೈಗೂಡಿಲ್ಲ. ಈ ಜೋಡಿಗಳಿಗೆ ಒಂದು ನೆಲೆಯಾದ ಹೆಸರು ದೊರೆಯುವುದಕ್ಕೇ ಬಹುಕಾಲ ಹಿಡಿಯಿತು; ‘ಫ್ರೇಸಲ್ ವರ್ಬ್’ ಎಂಬ ಇಂದಿನ ಪರಿಭಾಷೆಯನ್ನು ಆಕ್ಸ್‌ಫರ್ಡ್ ಮಹಾನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ ಸೂಚಿಸಿದನೆಂದು ಲೋಗನ್ ಪಿಯರ್ಸಾಲ್ ಸ್ಮಿತ್ತನು 1925ರ ತನ್ನ ‘ವರ್ಡ್ಸ್ ಅಂಡ್ ಇಡಿಯಮ್ಸ್’ ಎಂಬ ಗ್ರಂಥದಲ್ಲಿ ತಿಳಿಸಿದ್ದಾನೆ.

ನಮ್ಮವರಿಗೆ ಈ ತೊಡಕು ಉಳಿದವರಿಗಿಂತ ಒಂದು ಕೈ ಹೆಚ್ಚು. ಅದಕ್ಕೆ ಕಾರಣವೂ ಉಂಟು. ನಾವು ಇಂಗ್ಲಿಷನ್ನು ಕಲಿತದ್ದು ಇಂಗ್ಲಿಷರ ಬಾಯಿಂದಲ್ಲ, ಪುಸ್ತಕಗಳಿಂದ. ಆ ಪುಸ್ತಕಗಳಾದರೂ ಜಾನ್ಸನ್, ಬರ್ಕ್, ಮೆಕಾಲೆ ಮುಂತಾದವರ ಪ್ರೌಢಪ್ರಬಂಧಗಳು. ದೊಡ್ಡ ಮನೆಯೊಂದಕ್ಕೆ ಹೊರಗಿನ ಮೆಟ್ಟಿಲನ್ನೇರಿ ನೇರವಾಗಿ ಮಹಡಿಯ ದಿವಾನಖಾನೆಗೆ ಹೋಗಿ ಕುಳಿತು, ಅಲ್ಲಿಯ ಚಿತ್ರಪಟಗಳನ್ನೂ ರತ್ನಗಂಬಳಿಗಳನ್ನೂ ಕಣ್ತುಂಬ ನೋಡಿ, ಕೆಳಗಿನ ಅಡುಗೆಮನೆಯನ್ನು ಇಣಿಕಿಯೂ ನೋಡದೆ ಬಂದ ಅತಿಥಿಯಂತೆ ಆಯಿತು ನಮ್ಮ ಸ್ಥಿತಿ. ದೀಪವನ್ನು ‘ಎಕ್ಸ್‌ಟಿಂಗ್ವಿಷ್’ ಮಾಡಬೇಕೆಂದು ನಮ್ಮ ಪದವೀಧರನು ಬಲ್ಲನು. ಲಂಡನ್ನಿನ ಮನೆಯೊಡತಿಯಾದರೋ ಅದನ್ನು ‘ಪುಟ್ ಔಟ್’ ಮಾಡೆನ್ನುವಳು. ನಮ್ಮವನು ಕಷ್ಟವನ್ನು ‘ಟಾಲರೇಟ್’ ಮಾಡುವನು, ಅವಳು ‘ಪುಟ್ ಅಪ್ ವಿತ್’ ಮಾಡುವಳು. ನಮ್ಮವನು ಕೆಲಸವನ್ನು ‘ಕಂಟಿನ್ಯೂ’ ಮಾಡುವನು, ಅವಳು ಅದರೊಡನೆ ‘ಗೋ ಆನ್’ ಆಗುವಳು. ತಪ್ಪೆಂಬುದು ಯಾರ ಮಾತಿನಲ್ಲಿಯೂ ಇಲ್ಲ. ಆದರೂ ಕೆಳಮನೆಯಲ್ಲಿ ಮಾತನಾಡುವಾಗ ಮಹಡಿಯ ಭಾಷೆಯನ್ನು ಆಡಿದರೆ ಕೇಳಿದವರ ತುಟಿಯಂಚಿನಲ್ಲಿ ನಗೆಯೊಂದು ಸುಳಿಯದಿರದು.

ಒಂದೇ ಕ್ರಿಯಾಪದವನ್ನು ಹಿಡಿದು ನೋಡೋಣ. ‘ಪುಟ್’ ಎಂದರೆ ಇಡು. ಇದಕ್ಕಿಂತ ಸುಲಭವಾದ ಮಾತು ಯಾವ ಭಾಷೆಯಲ್ಲಿ ತಾನೇ ಇದ್ದೀತು? ಅಂಗಿಯನ್ನು ‘ಪುಟ್ ಆನ್’ ಮಾಡಿದರೆ ತೊಟ್ಟುಕೊಂಡಂತಾಯಿತು. ಸಭೆಯನ್ನು ‘ಪುಟ್ ಆಫ್’ ಮಾಡಿದರೆ ಮುಂದಕ್ಕೆ ಹಾಕಿದಂತಾಯಿತು. ದಂಗೆಯನ್ನು ‘ಪುಟ್ ಡೌನ್’ ಮಾಡಿದರೆ ಅಡಗಿಸಿದಂತೆ, ಹಣವನ್ನು ‘ಪುಟ್ ಬೈ’ ಮಾಡಿದರೆ ಆಪತ್ತಿಗೆಂದು ಕೂಡಿಟ್ಟಂತೆ. ದೀಪವನ್ನು ‘ಪುಟ್ ಔಟ್’ ಮಾಡುವುದು ಆರಿಸುವುದೆಂದು ಆಗಲೇ ಹೇಳಿದೆನಷ್ಟೆ. ಮನುಷ್ಯನೊಬ್ಬನನ್ನು ‘ಪುಟ್ ಔಟ್’ ಮಾಡಿದರೆ ಅವನು ಆರಿಹೋಗುವುದಿಲ್ಲ, ಅನಾನುಕೂಲಕ್ಕೆ ಸಿಕ್ಕಿ ಮನಸ್ಸಿನಲ್ಲಿ ಕಸಿವಿಸಿಗೊಳ್ಳುತ್ತಾನೆ. ಅತಿಥಿಯನ್ನು ‘ಪುಟ್ ಅಪ್’ ಮಾಡುವುದೆಂದರೆ ಮನೆಯಲ್ಲಿ ಇಳಿದುಕೊಳ್ಳಲು ಸ್ಥಳ ಕೊಡುವುದು. ‘ಪುಟ್ ಅಪ್ ವಿತ್’ ಎಂದರೆ, ಬೇರೆ ದಾರಿಯಿಲ್ಲದೆ ಸಹಿಸಿಕೊಳ್ಳುವುದು. ವಿಲಾಯಿತಿಗೆ ಹೋದ ನಮ್ಮ ವಿದ್ಯಾರ್ಥಿಯೊಬ್ಬನಿಗೆ ಅಲ್ಲಿಯ ಗೃಹಸ್ಥನು ಎರಡು ದಿವಸ ‘ಪುಟ್ ಅಪ್’ ಮಾಡುವೆನೆಂದರೆ ಆದರದ ಆಹ್ವಾನವಾಗುವುದು. ‘ವಿತ್’ ಎಂಬ ಇನ್ನೊಂದು ಕಿರುನುಡಿಯನ್ನು ಅದಕ್ಕೆ ಜೋಡಿಸಿದನಾದರೆ ಮಾನವುಳ್ಳವನು ಆ ಗಳಿಗೆಯೇ ಪೆಟ್ಟಿಗೆಯನ್ನೆತ್ತಿಕೊಂಡು ಹೊರಡತಕ್ಕದ್ದು. ಇನ್ನು ನಮ್ಮ ಕಚೇರಿಗಳ ಗುಮಾಸ್ತರು ಫೈಲನ್ನು ‘ಪುಟ್ ಅಪ್’ ಮಾಡುವ ಬಗೆಯೇ ಬೇರೆ. ಅಲ್ಲಿ ಊಟವೂ ಇಲ್ಲ, ವಸತಿಯೂ ಇಲ್ಲ. ಸಾಹೇಬರ ಆಜ್ಞೆಗಾಗಿ ಕಾಗದಪತ್ರವನ್ನು ಟಿಪ್ಪಣಿಯೊಡನೆ ಮೇಜಿನ ಮೇಲಕ್ಕೆ ಸಲ್ಲಿಸುವುದು ಮಾತ್ರ. ಆಮೇಲೆ ಅದು ಅಲ್ಲಿಯೇ ಎಷ್ಟು ದಿನ ವಸತಿ ಮಾಡುವುದೆಂಬುದು ಫೈಲಿನ ಹಣೆಬರಹ.

ಅಪ್ ಎಂಬುದರ ಮೂಲಾರ್ಥ ಮೇಲಕ್ಕೆ ಎಂಬುದಷ್ಟೆ. ‘ಸ್ಟ್ಯಾಂಡ್ ಅಪ್’, ‘ಗೆಟ್ ಅಪ್’ಗಳಲ್ಲಿ ಆ ಅರ್ಥ ಕಣ್ಣಿಗೇ ಕಾಣುತ್ತದೆ. ಆದರೆ ಮಗುವಿಗೆ ತಾಯಿ ‘ಈಟ್ ಅಪ್’ ಎಂದಾಗ ಅನ್ನವು ಕೆಳಗಿಳಿಯುವುದೇ ಹೊರತು ಮೇಲೇರುವುದಿಲ್ಲ. ಇಲ್ಲಿಯ ಅಪ್ ತಟ್ಟೆಯಲ್ಲಿ ಏನೂ ಉಳಿಯದಂತೆ ಎಂಬ ಪರಿಸಮಾಪ್ತಿಯನ್ನು ಸೂಚಿಸುತ್ತದೆ. ನನಗೆ ತೋರುವಂತೆ, ಪಾತ್ರೆಗೆ ನೀರು ತುಂಬುವಾಗ ನೀರು ಮೇಲೇರುತ್ತ ಏರುತ್ತ ಅಂಚನ್ನು ಮುಟ್ಟಿದುದೇ ಪೂರ್ತಿಯಾದುದರ ಗುರುತು; ಆ ‘ಫಿಲ್ ಅಪ್’ನಿಂದ ಮೇಲ್ಮುಖತೆ ಜಾರಿಹೋಗಿ ಪೂರ್ಣತೆಯೊಂದೇ ಉಳಿದು, ‘ಯೂಸ್ ಅಪ್’, ‘ಡ್ರೈ ಅಪ್’, ‘ಫಿನಿಷ್ ಅಪ್’ಗಳಿಗೂ ವ್ಯಾಪಿಸಿದಂತಿದೆ. ಆದರೆ ಇಂಥ ಸೂತ್ರವನ್ನು ಕಟ್ಟಿ ನೆಮ್ಮದಿಯಿಂದಿರಲು ಆ ಭಾಷೆ ಬಿಡುವುದಿಲ್ಲ. ಕಾಗದವು ‘ಬರ್ನ್ ಅಪ್’ ಆದರೂ ಸುಟ್ಟುಹೋದಂತೆ, ಮನೆ ‘ಬರ್ನ್ ಡೌನ್’ ಆದರೂ ಸುಟ್ಟುಹೋದಂತೆ. ಗಾಡಿಯು ‘ಸ್ಲೋ ಅಪ್’ ಆದರೂ ವೇಗ ತಗ್ಗುವುದು, ‘ಸ್ಲೋ ಡೌನ್’ ಆದರೂ ತಗ್ಗುವುದು. ಇಂಗ್ಲೆಂಡಿನಲ್ಲಿ ಲಂಡನ್ ನಗರದ ಕಡೆಗೆ ಹೋಗುವ ರೈಲು ಅಪ್, ಅಲ್ಲಿಂದ ಹೊರಬರುವ ರೈಲು ಡೌನ್. ನೆಲದ ಏರಿಳಿತಕ್ಕೂ ಇದಕ್ಕೂ ಸಂಬಂಧವಿಲ್ಲ, ಮರ್ಯಾದೆಯ ಏರಿಳಿತಕ್ಕೆ ಮಾತ್ರ ಸಂಬಂಧ. ಈ ವಾಡಿಕೆ ರೈಲ್ವೆಯ ಜೊತೆಯಲ್ಲಿಯೇ ನಮ್ಮ ದೇಶಕ್ಕೂ ಬಂದು, ಅಪ್ ಗಾಡಿ, ಡೌನ್ ಗಾಡಿ ಎಂಬ ಮಾತುಗಳು ನಮ್ಮ ಸ್ಟೇಷನ್ನಿನ ಹಮಾಲಿಗಳ ಬಾಯಲ್ಲಿಯೂ ನಿಂತಿವೆ. ಆಕ್ಸ್‌ಫರ್ಡಿಗೆ ಓದಲು ಹೋಗುವವನು ಎತ್ತರದ ಊರಿನಿಂದ ಹೊರಟರೂ ‘ಗೋ ಅಪ್’ ಆಗುವನು. ದುರ್ನಡತೆಗಾಗಿ ವಿಶ್ವವಿದ್ಯಾನಿಲಯದಿಂದ ಹೊರದೂಡಲ್ಪಟ್ಟವನು ‘ಸೆಂಟ್ ಡೌನ್’.

ಹಾಗಾದರೆ ಈ ಕಿರುನುಡಿಗಳಿಗೆ ತಮ್ಮದೇ ಆದ ಅರ್ಥವಿದೆಯೋ, ಇಲ್ಲವೋ? ಈ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಬೇರೊಂದು ಭಾಷೆಯ ವಿಷಯದಲ್ಲಿ ಬಹು ಹಿಂದೆಯೇ ಎತ್ತಿದ್ದರು. ಉಪಸರ್ಗಗಳು ಬೇರ್ಪಡಿಸಿದಾಗ ಅರ್ಥವನ್ನು ಹೇಳಲಾರವು, ನಾಮ ಮತ್ತು ಕ್ರಿಯೆಗಳ ಅರ್ಥವನ್ನು ಬೆಳಗಿಸುವುದಷ್ಟೇ ಅವುಗಳ ಕೆಲಸವೆಂದು ಶಾಕಟಾಯನನೂ, ಇಲ್ಲ, ಅವುಗಳಿಗೆ ಬಗೆಬಗೆಯ ಸ್ವಂತ ಅರ್ಥಗಳುಂಟೆಂದು ಗಾರ್ಗ್ಯನೂ ವಾದಿಸಿದರೆಂದು ಯಾಸ್ಕನು ನಿರುಕ್ತದಲ್ಲಿ ಹೇಳಿದ್ದಾನೆ. ಹೃ ಎಂಬ ಒಂದೇ ಧಾತು ಉಪಸರ್ಗಭೇದದಿಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರಗಳಾಗಿ ಐದು ದಿಕ್ಕಿಗೆ ಒಯ್ಯಲ್ಪಡುವುದನ್ನು ಸಂಸ್ಕೃತದ ಬಾಲಪಾಠವನ್ನು ಓದಿದವರೆಲ್ಲ ಬಲ್ಲರು. ‘ಗೆಟ್ ಅಪ್’ ಎಂಬಲ್ಲಿ ಗಾರ್ಗ್ಯನು ಗೆಲ್ಲುತ್ತಾನೆ, ‘ಗಿವ್ ಅಪ್’ ಎಂಬಲ್ಲಿ ಶಾಕಟಾಯನನು ಗೆಲ್ಲುತ್ತಾನೆ ಎಂದು ಹೇಳಿ ನಾವು ಇಬ್ಬರನ್ನೂ ಸಮಾಧಾನಪಡಿಸಬಹುದು. ಇನ್ನೊಂದು ಸ್ವಾರಸ್ಯವೂ ಇದೆ. ಉಪಸರ್ಗಗಳು ಧಾತುವಿನ ಮುಂದೆಯೇ ನಿಲ್ಲತಕ್ಕವೆಂದು ಸೂತ್ರಿಸಿದ ಪಾಣಿನಿಯು, ವೇದದಲ್ಲಿ ಮಾತ್ರ ಅವು ಧಾತುವಿನ ಅನಂತರವೂ ಬರಬಹುದು, ನಡುವೆ ಬೇರೆ ಪದಗಳ ವ್ಯವಧಾನವೂ ಇರಬಹುದು ಎಂದು ಅಲ್ಲಿಯೇ ಸೇರಿಸಿದ್ದಾನೆ. ವೇದಕಾಲದಲ್ಲಿ ಸ್ವೇಚ್ಛೆಯಾಗಿ ತಿರುಗಾಡುತ್ತಿದ್ದ ಉಪಸರ್ಗವು ಲೌಕಿಕ ಸಂಸ್ಕೃತದಲ್ಲಿ ಧಾತುವಿನ ಮುಂದೆ ಕಟ್ಟುಬಿದ್ದಿತು. ಇಂಗ್ಲಿಷಿನಲ್ಲಿ ನಡೆದದ್ದು ಬಹುಮಟ್ಟಿಗೆ ಇದರ ವಿಲೋಮ.

ಪ್ರಾಚೀನ ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ಬೆಸೆದುಕೊಂಡ ಉಪಸರ್ಗಗಳು ಹೇರಳವಾಗಿದ್ದುವು; ಇಂದಿನ ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’, ‘ಫರ್‌ಗಿವ್’ ಎಂಬವು ಆ ಕುಲದ ಅವಶೇಷಗಳು. ಅವು ಕ್ರಮೇಣ ಸವೆದುಹೋಗಿ, ಕ್ರಿಯಾಪದದ ಹಿಂದೆ ಬಿಡಿಯಾಗಿ ನಿಲ್ಲುವ ಅವ್ಯಯಗಳು ಪ್ರಬಲಿಸಿದುವು. ಪೀಟರ್‌ಬರೋ ಎಂಬ ಊರಿನ ಸನ್ಯಾಸಿಮಠದಲ್ಲಿ ಬರೆಯಲ್ಪಡುತ್ತಿದ್ದ ವೃತ್ತಾಂತವೊಂದರಲ್ಲಿ, 1132ನೆಯ ವರ್ಷದ ಕೆಳಗೆ, ಅರಸನು ಮಠಾಧಿಪತಿಯನ್ನು ಅವನ ಪದವಿಯಿಂದ ಬಿಡಿಸಿದ ಸಂಗತಿಯನ್ನು ಹೇಳುತ್ತ, ಬರೆದ ಸನ್ಯಾಸಿಯು ಆ ಕಾಲದ ಕಾಗುಣಿತದಲ್ಲಿ ‘ಗಿವ್ ಅಪ್’ ಎಂಬ ಜೋಡಿಯನ್ನೇ ಉಪಯೋಗಿಸಿದ್ದಾನೆ. ಆ ವೇಳೆಗೆ ನಾರ್ಮನ್ನರು 1066ರಲ್ಲಿ ಆ ದೇಶವನ್ನು ಗೆದ್ದು ಎರಡು ಮೂರು ತಲೆಮಾರುಗಳಾಗಿದ್ದುವು. ರಾಜಸಭೆಯಲ್ಲಿಯೂ ಉನ್ನತ ವರ್ಗದವರಲ್ಲಿಯೂ ಫ್ರೆಂಚ್, ಮಠದಲ್ಲಿಯೂ ವಿದ್ಯೆಯಲ್ಲಿಯೂ ಲ್ಯಾಟಿನ್. ಮುಂದೆ ಫ್ರೆಂಚ್ ಮತ್ತು ಲ್ಯಾಟಿನ್ ಶಬ್ದಗಳು ಪ್ರವಾಹವಾಗಿ ಹರಿದುಬಂದು ಗ್ರಂಥಭಾಷೆಯ ಪೀಠಗಳನ್ನೆಲ್ಲ ಆಕ್ರಮಿಸಿದರೂ, ಒಕ್ಕಲಿಗನ, ಕುರುಬನ, ಕೂಸನ್ನಾಡಿಸುವ ದಾದಿಯ ಬಾಯಲ್ಲಿ ಈ ಪುಟ್ಟ ಜೋಡಿಗಳು ಸಾಯದೆ ಬೆಳೆದುವು. ಒಂದೇ ಅರ್ಥಕ್ಕೆ ಮೇಲೊಂದು ಕೆಳಗೊಂದು ಮಾತಿರುವ ಇಂಗ್ಲಿಷಿನ ದ್ವಿಭಾವಕ್ಕೆ ಇದೇ ಕಾರಣ.

ಕನ್ನಡಿಗರಾದ ನಾವು ಇದಕ್ಕೆ ಅಂಜಬೇಕಾದುದಿಲ್ಲ. ಇಂಥ ಮಾಟ ನಮ್ಮ ನುಡಿಯಲ್ಲಿಯೂ ಉಂಟು. ನಮ್ಮಲ್ಲಿ ಅವ್ಯಯದ ಬದಲು ಎರಡನೆಯ ಕ್ರಿಯಾಪದವೇ ಆ ಕೆಲಸವನ್ನು ಮಾಡುತ್ತದೆ. ತಿನ್ನು ಎಂಬುದೊಂದು, ತಿಂದುಬಿಡು, ತಿಂದುಹಾಕು, ತಿಂದುನೋಡು ಎಂಬವು ಬೇರೆ ಬೇರೆ. ಗೋಡೆ ಬಿದ್ದುಹೋಯಿತೆಂದರೆ ಅದು ಎಲ್ಲಿಗೂ ಹೋಗಲಿಲ್ಲ, ಅಲ್ಲಿಯೇ ಮಣ್ಣಾಗಿ ಬಿದ್ದಿದೆ. ನಿಜವನ್ನು ಹೇಳಿಬಿಡು ಎಂದಾಗ ಬಿಡತಕ್ಕದ್ದು ಏನೂ ಇಲ್ಲ. ಕನ್ನಡವನ್ನು ಕಲಿಯಹೊರಟ ಪಾದ್ರಿಗಳಿಗೂ ಕಲೆಕ್ಟರುಗಳಿಗೂ ಈ ಬಿಡು, ಹಾಕು, ಹೋಗು, ಕೊಳ್ಳುಗಳು ಎಷ್ಟು ನಿದ್ದೆಗೆಡಿಸಿರಬೇಕೆಂಬುದನ್ನು ನೆನೆದರೆ ನಮಗೆ ಸ್ವಲ್ಪ ಸಮಾಧಾನವಾದೀತು. ಇನ್ನು ಕೈ ಎಂಬ ಮಾತಿನ ಮಹಿಮೆಯನ್ನು ನೋಡಿ. ಹಿಡಿದ ಕೆಲಸವನ್ನು ಕೈಬಿಟ್ಟರೆ ಇಂಗ್ಲಿಷಿನವನು ‘ಗಿವ್ ಅಪ್’ ಎನ್ನುವನು. ಹೊಸ ಕೆಲಸವನ್ನು ಕೈಗೊಂಡರೆ ‘ಟೇಕ್ ಅಪ್’. ನಂಬಿದವರಿಗೆ ಕೈಕೊಟ್ಟರೆ ‘ಲೆಟ್ ಡೌನ್’. ಕೊಡುವುದು ಸತ್ಕರ್ಮವಾದರೂ ಕೈಕೊಡುವುದು ದ್ರೋಹವೆಂಬುದನ್ನು ನಮ್ಮ ಹಳ್ಳಿಯ ಮಗುವಿಗೆ ಯಾರೂ ವ್ಯಾಕರಣದಿಂದ ಕಲಿಸಲಿಲ್ಲ. ಕೈ ಬೇರೆ, ಕೊಡು ಬೇರೆ ಎಂದು ಅದು ಎಂದೂ ಬಿಡಿಸಿ ನೋಡಲಿಲ್ಲ. ಇಡಿಯ ಮಾತನ್ನು ಒಂದೇ ಶಬ್ದವಾಗಿ, ಸಂದರ್ಭದೊಡನೆ ಕೇಳಿತು, ಆಡಿತು. ‘ಲೆಟ್ ಡೌನ್’ ಎಂಬುದನ್ನೂ ಹೀಗೆಯೇ ಕಲಿಯಬೇಕಲ್ಲದೆ, ‘ಲೆಟ್’ ಎಂದರೆ ಬಿಡು, ‘ಡೌನ್’ ಎಂದರೆ ಕೆಳಗೆ ಎಂದು ನಿಘಂಟನ್ನು ತಿರುವಿ ಕೂಡಿಸಿದರೆ ಬಾವಿಗೆ ಕೊಡವನ್ನು ಇಳಿಬಿಟ್ಟಂತಾದೀತೇ ಹೊರತು ನಂಬಿಕೆಗೆ ದ್ರೋಹವಾಗದು.

ನಮ್ಮ ಭಾಷೆಯ ಸಹಾಯ ಇಲ್ಲಿಯವರೆಗೆ. ಜೋಡಿಯ ಎರಡು ಭಾಗಗಳು ವಾಕ್ಯದಲ್ಲಿ ನಿಲ್ಲುವ ಎಡೆಯ ವಿಷಯದಲ್ಲಿ ಅದು ನೆರವಾಗದು. ‘ಹಿ ರ‍್ಯಾನ್ ಅಪ್ ಎ ಹಿಲ್’ ಎಂದರೆ ಅವನು ಗುಡ್ಡವನ್ನು ಓಡಿ ಹತ್ತಿದನು. ‘ಹಿ ರ‍್ಯಾನ್ ಅಪ್ ಎ ಬಿಲ್’ ಎಂದರೆ ಅಂಗಡಿಯಲ್ಲಿ ಸಾಲದ ಲೆಕ್ಕವನ್ನು ಬೆಳೆಸಿದನು. ಒಂದೇ ಅಕ್ಷರದ ವ್ಯತ್ಯಾಸ. ಆದರೆ ಮೊದಲನೆಯದರಲ್ಲಿ ಅಪ್ ಗುಡ್ಡಕ್ಕೆ ಸೇರಿದ್ದು, ಎರಡನೆಯದರಲ್ಲಿ ಓಟಕ್ಕೆ ಸೇರಿದ್ದು. ಪರೀಕ್ಷಿಸಬೇಕಾದರೆ ಹೆಸರಿನ ಬದಲು ‘ಇಟ್’ ಎಂಬ ಸರ್ವನಾಮವನ್ನು ಇಡಿ: ಬಿಲ್ಲಾದರೆ ‘ರ‍್ಯಾನ್ ಇಟ್ ಅಪ್’ ಎಂದು ನಡುವೆ ತೂರಿಕೊಳ್ಳುವುದು, ಗುಡ್ಡವಾದರೆ ‘ರ‍್ಯಾನ್ ಅಪ್ ಇಟ್’ ಎಂದು ಕೊನೆಗೇ ನಿಲ್ಲುವುದು. ಹಾಗೆಯೇ, ಸಭೆಯನ್ನು ಮುಂದಕ್ಕೆ ಹಾಕುವಾಗ ‘ಪುಟ್ ಇಟ್ ಆಫ್’ ಎಂದೇ ಹೇಳಬೇಕು. ‘ಪುಟ್ ಆಫ್ ಇಟ್’ ಎಂದರೆ ಯಾವ ಇಂಗ್ಲಿಷಿನವನೂ ಒಪ್ಪನು. ಮಗುವನ್ನು ನೋಡಿಕೊಳ್ಳುವಾಗಲಾದರೋ ‘ಲುಕ್ ಆಫ್ಟರ್ ಇಟ್’ ಎನ್ನಬೇಕಲ್ಲದೆ ‘ಇಟ್’ ಎಂಬುದನ್ನು ನಡುವೆ ತರಕೂಡದು. ಒತ್ತಿನಲ್ಲಿಯೂ ಭೇದವಿದೆ: ‘ಪುಟ್ ಆಫ್’ ಎಂಬಲ್ಲಿ ಆಫ್ ಎಂಬುದು ಗಟ್ಟಿಯಾಗಿ ನುಡಿಯುತ್ತದೆ, ‘ಲುಕ್ ಅಟ್’ ಎಂಬಲ್ಲಿ ಅಟ್ ಎಂಬುದು ಕಿವಿಗೆ ಬೀಳದಷ್ಟು ಮೆಲ್ಲಗೆ ಸರಿದುಹೋಗುತ್ತದೆ. ಬಾನುಲಿಯಲ್ಲಿ ಇದನ್ನು ಕೇಳಿಸಬಹುದು. ಈ ಭಾಷಣವನ್ನು ಮುಂದೆ ಅಚ್ಚಿನಲ್ಲಿ ಓದುವವರು ಊಹಿಸಿಕೊಳ್ಳಬೇಕು.

ಹಿಂದೆ ನಿಲ್ಲುವ ಈ ನುಡಿಗಳು ಎಷ್ಟೋ ಸಲ ವಾಕ್ಯದ ಕೊನೆಗೇ ಬಂದು ಬೀಳುವುದು ಅನಿವಾರ್ಯ. ಇದು ಅಸಭ್ಯವೆಂಬ ಭಾವನೆಗೆ ಪುಷ್ಟಿ ಕೊಟ್ಟವನು ಡ್ರೈಡನ್ ಕವಿ. 1672ರಲ್ಲಿ ಅವನು ಬೆನ್ ಜಾನ್ಸನ್ನನ ವಾಕ್ಯವೊಂದು ಪ್ರೆಪೊಸಿಷನ್ನಿನಿಂದ ಮುಗಿದುದನ್ನು ದೋಷವೆಂದು ಎಣಿಸಿದ್ದಲ್ಲದೆ, ನಾಟಕಕಾವ್ಯವನ್ನು ಕುರಿತ ತನ್ನ ಪ್ರಬಂಧವನ್ನು 1684ರಲ್ಲಿ ಮತ್ತೆ ಅಚ್ಚುಹಾಕಿಸುವಾಗ ತಾನೇ ಹಿಂದೆ ಬರೆದಿದ್ದ ಅಂಥ ವಾಕ್ಯಗಳನ್ನು ಹುಡುಕಿ ತಿದ್ದಿದನು. ಲ್ಯಾಟಿನ್ನಿನಲ್ಲಿ ಆಗದುದು ಇಂಗ್ಲಿಷಿನಲ್ಲಿಯೂ ಆಗಬಾರದೆಂಬ ಹಟ ಅದು. ಆಂಗ್ಲ ವೈಯಾಕರಣರಲ್ಲಿ ಇಂಥ ಹಟಕ್ಕೆ ಕೊರತೆಯಿರಲಿಲ್ಲ. 1762ರಲ್ಲಿ ವ್ಯಾಕರಣ ಬರೆದ ಬಿಷಪ್ ಲೌತನು, ಗಂಭೀರ ಶೈಲಿಗೆ ಅದು ಒಪ್ಪದೆಂದರೂ, ಆ ಭಾಷೆಯ ಒಲವೇ ಅತ್ತ ಕಡೆಗೆ ಎಂದು ಒಪ್ಪಿಕೊಳ್ಳುವಷ್ಟು ವಿವೇಕಿಯಾಗಿದ್ದನು.

ಈ ಕಿರುನುಡಿಗಳ ಬಲವನ್ನೇ ನೆಚ್ಚಿ, ಸಿ. ಕೆ. ಆಗ್ಡನ್ ಎಂಬ ಕೇಂಬ್ರಿಜ್ ವಿದ್ವಾಂಸನು 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬ ಸಂಕ್ಷಿಪ್ತ ಭಾಷೆಯೊಂದನ್ನು ಲೋಕದ ಮುಂದಿಟ್ಟನು. ಅದರಲ್ಲಿ ಒಟ್ಟು 850 ಶಬ್ದಗಳು. ಕ್ರಿಯಾಪದಗಳಂತೂ ಕೇವಲ 18. ‘ಗೆಟ್’, ‘ಗಿವ್’, ‘ಗೋ’, ‘ಪುಟ್’, ‘ಟೇಕ್’, ‘ಮೇಕ್’ ಮುಂತಾದ ಈ ಕೆಲವಕ್ಕೇ ದಿಕ್ಸೂಚಕವಾದ ಕಿರುನುಡಿಗಳನ್ನು ಜೋಡಿಸಿ, ಸಾವಿರಾರು ಕ್ರಿಯಾಪದಗಳ ಕೆಲಸವನ್ನೆಲ್ಲ ತೆಗೆಯಬಹುದೆಂಬುದು ಅವನ ಯುಕ್ತಿ. ಚರ್ಚಿಲ್ ಮಹಾಶಯನು 1943ರಲ್ಲಿ ಹಾರ್ವರ್ಡಿನಲ್ಲಿ ಮಾಡಿದ ಭಾಷಣದಲ್ಲಿ ಈ ಯೋಜನೆಯನ್ನು ಹೊಗಳಿದನು. ಇಂಗ್ಲಿಷನ್ನು ಹಾಲಿನೊಡನೆ ಕುಡಿದು ಬೆಳೆದವನಿಗೆ ಇದು ಸುಲಭವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಮ್ಮಂಥವನಿಗೆ ‘ಟಾಲರೇಟ್’ ಎಂಬ ಒಂದು ಶಬ್ದವನ್ನು ಉಳಿಸಿ, ‘ಪುಟ್’, ‘ಅಪ್’, ‘ವಿತ್’ ಎಂಬ ಮೂರರ ಸಂಯೋಗವನ್ನು ತಲೆಯ ಮೇಲೆ ಹೇರುವುದು ಯಾವ ಲೆಕ್ಕದ ಉಳಿತಾಯ? ಶಬ್ದಗಳ ಪಟ್ಟಿ ಕಿರಿದಾಯಿತು, ಅರ್ಥಗಳ ಪಟ್ಟಿ ಕಿರಿದಾಗಲಿಲ್ಲ. ಆ ಯೋಜನೆ ಲೋಕವನ್ನು ಗೆಲ್ಲದೆ ಉಳಿದುದಕ್ಕೆ ಕಾರಣಗಳು ಅನೇಕವಿದ್ದರೂ ಇದೂ ಒಂದೆಂಬುದು ನನ್ನ ಅಭಿಪ್ರಾಯ.

ನಮ್ಮವರು ಭಯದಿಂದ ಈ ಜೋಡಿಗಳನ್ನು ಬಿಟ್ಟುದೂ ಉಂಟು, ಧೈರ್ಯದಿಂದ ಹೊಸದಾಗಿ ಕಟ್ಟಿದುದೂ ಉಂಟು. ‘ಕೋಪ್ ವಿತ್’ ಎಂಬುದರ ನಡುವೆ ಒಂದು ಅಪ್ ಸೇರಿಸಿ ‘ಕೋಪ್ ಅಪ್ ವಿತ್’ ಎನ್ನುವುದು ನಮ್ಮ ದೇಶದಲ್ಲಿ ಸರ್ವೇಸಾಮಾನ್ಯ. ‘ಡಿಸ್ಕಸ್’ ಎಂಬುದಕ್ಕೆ ಬೇಡದ ‘ಅಬೌಟ್’ ಒಂದನ್ನು ತಗುಲಿಸದೆ ನಮ್ಮ ಸಭೆಗಳು ಮುಗಿಯುವುದಿಲ್ಲ. ಕಾಲೇಜಿನಿಂದ ‘ಪಾಸ್ ಔಟ್’ ಆದೆನೆಂದು ನಮ್ಮ ಯುವಕನು ಹೆಮ್ಮೆಯಿಂದ ಹೇಳಿದರೆ, ಇಂಗ್ಲಿಷ್ ಗೃಹಿಣಿಯು ಅವನು ಮೂರ್ಛೆಹೋದನೆಂದು ತಿಳಿದು ನೀರು ತರಲು ಓಡಿಯಾಳು. ಇವುಗಳಲ್ಲಿ ಕೆಲವು ನಮ್ಮ ನೆಲದಲ್ಲಿ ಬೇರುಬಿಟ್ಟ ಸ್ವತಂತ್ರ ಪ್ರಯೋಗಗಳೆಂದು ಮನ್ನಿಸಬಹುದು. ಫೈಲನ್ನು ‘ಪುಟ್ ಅಪ್’ ಮಾಡುವುದನ್ನು ನಾನು ಮನ್ನಿಸುತ್ತೇನೆ, ‘ಕೋಪ್ ಅಪ್’ ಎಂಬುದನ್ನು ಮನ್ನಿಸಲಾರೆ. ಜೊತೆಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಈ ಜೋಡಿಗಳ ರುಚಿ ಹತ್ತಿದವನು ನ್ಯಾಯಾಲಯದ ಅರ್ಜಿಯಲ್ಲಿಯೂ ಸಂತಾಪಸೂಚಕ ಪತ್ರದಲ್ಲಿಯೂ ಅವನ್ನು ಎರಚಬಾರದು. ಮಹಡಿಗೆ ಮಹಡಿಯ ಭಾಷೆಯೇ ಸಲ್ಲತಕ್ಕದ್ದು.

ಕೊನೆಯದಾಗಿ ಉಪಾಧ್ಯಾಯ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ. ‘ಪುಟ್ ಆನ್, ಪುಟ್ ಆಫ್, ಪುಟ್ ಔಟ್, ಪುಟ್ ಅಪ್ ವಿತ್’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸಿ, ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರೆಂದು ಪರೀಕ್ಷೆಗಳಲ್ಲಿ ಕೇಳುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ಹತ್ತಿರ ಹತ್ತಿರ ಇಟ್ಟ ಈ ಸೋದರರು ಮಕ್ಕಳ ತಲೆಯಲ್ಲಿ ಒಬ್ಬರ ಅಂಗಿಯನ್ನು ಇನ್ನೊಬ್ಬರು ತೊಟ್ಟುಕೊಳ್ಳುತ್ತಾರೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹಾರ್ನ್‌ಬಿ ಎಂಬ ಉಪಾಧ್ಯಾಯನು ತನ್ನ ಸಂಗಡಿಗರೊಡನೆ ಸಿದ್ಧಪಡಿಸಿದ ನಿಘಂಟು, 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡಿನಿಂದ ಮತ್ತೆ ಹೊರಬಂದಿತು. ಪರಭಾಷೆಯ ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆಂಬುದನ್ನು ತರಗತಿಯಲ್ಲಿ ನಿಂತು ಕಂಡವನು ಮಾಡಿದ ಕೆಲಸ ಅದು. ಅಂಥ ಗ್ರಂಥವನ್ನು ಮೇಜಿನ ಮೇಲಿಟ್ಟುಕೊಂಡು, ದಿನಕ್ಕೊಂದು ಜೋಡಿಯನ್ನು ಅದರ ಕರ್ಮಪದದೊಡನೆಯೇ, ದೀಪದೊಡನೆ ‘ಪುಟ್ ಔಟ್’ ಅಂಗಿಯೊಡನೆ ‘ಪುಟ್ ಆನ್’ ಎಂಬಂತೆ, ವಾಕ್ಯದಲ್ಲಿಟ್ಟು ಗಟ್ಟಿಯಾಗಿ ಹೇಳಿಸಿರಿ. ಇದನ್ನು ಕಾಲೇಜಿನವರೆಗೆ ‘ಪುಟ್ ಆಫ್’ ಮಾಡದೆ ಕೆಳಗಿನ ತರಗತಿಗಳಲ್ಲಿಯೇ ಆರಂಭಿಸಿರಿ.